ಮೊಳೆಗೆ ನೇತುಬಿದ್ದ ಡಾಬು

ಜಿಲ್ಲೆಯ ಬಸುರಿಯರಿಗೆ ಹಂಚಿದ ಡಾಬುಗಳಲ್ಲಿ ಅರ್ಧಕ್ಕೂ ಹೆಚ್ಚು ಮೊಳೆಗೆ ನೇತುಬಿದ್ದಿದ್ದವು. ಇದನ್ನು ತಿಳಿಯಲು ಯಾರೂ ಮನೆಮನೆ ಸುತ್ತಬೇಕಾಗಿರಲಿಲ್ಲ. ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯ ಮೇಲೆ, ಮೈಮೇಲಿರುವ ಡಾಬು ಹಸಿರು ಚುಕ್ಕೆ, ತೆಗೆದಿಟ್ಟ ಡಾಬು ಬೂದು ಚುಕ್ಕೆ. ಯುಗಾದಿಯ ಹೊತ್ತಿಗೆ ಪರದೆ ಮಳೆ ಹಿಡಿದ ಹೆಸರುಕಾಳಿನ ಹೊಲದಂತಿತ್ತು. ಈಗ ಕೊಯ್ದು ಬಿಟ್ಟ ಹೊಲದಂತಿತ್ತು.

ಶಿವಲೀಲಾ ಅಂಗಡಿ ಆ ಪರದೆಯ ಮುಂದೆ ಮೊಣಕಾಲು ಜೋಡಿಸಿಕೊಂಡು ಕೂತಿದ್ದಳು. ಡಾಬು ಎಲ್ಲಿ ಬಿಗಿಯಬೇಕು, ಎಷ್ಟು ಬಿಗಿಯಬೇಕು ಎಂಬುದನ್ನು ತೀರ್ಮಾನಿಸುವ ಲೆಕ್ಕವನ್ನು ಬರೆದ ಎಂಜಿನಿಯರು ಅವಳೇ. ಅವಳಿಗೂ ಏಳು ತಿಂಗಳು ತುಂಬಿತ್ತು. ಸೀರೆಯ ಒಳಗೆ ಅವಳೂ ಡಾಬು ಕಟ್ಟಿದ್ದಳು. ಅವಳಿಗೂ ಅದರಿಂದ ಕವಡೆಯಷ್ಟೂ ಉಪಯೋಗವಾಗಿರಲಿಲ್ಲ.

ಡಾಬು ಎಂದರೆ ಅಜ್ಜಿಯಂದಿರ ಕಾಲದ ಬೆಳ್ಳಿಯ ಸೊಂಟಪಟ್ಟಿಯಲ್ಲ. ಹೆಸರು ಮಾತ್ರ ಅಲ್ಲಿಂದ ಬಂದದ್ದು. ಇದು ಅಂಗೈ ಅಗಲದ ಬಟ್ಟೆಯ ಪಟ್ಟಿ. ಒಳಗೆ ಸುತ್ತಲೂ ಗಾಳಿಯ ಪುಟ್ಟ ಪುಟ್ಟ ಚೀಲಗಳು, ನಡಿಗೆಯನ್ನು ಗುರುತಿಸುವ ಸೆನ್ಸರುಗಳು. ಸೊಂಟದ ಎಲುಬುಗೂಡು ಒಂದು ಉಂಗುರ. ಅದಕ್ಕೆ ಹಿಂದೆ ಎರಡು ಕೀಲು, ಮುಂದೆ ಒಂದು. ಬಸಿರಾದಾಗ ಮೈಯ ಹಾರ್ಮೋನುಗಳು ಈ ಕೀಲುಗಳ ಕಟ್ಟನ್ನು ಸಡಿಲ ಮಾಡುತ್ತವೆ. ಕೂಸು ಹೊರಬರಲು ದಾರಿ ಬೇಕಲ್ಲ. ಕೆಲವರಲ್ಲಿ ಆ ಸಡಿಲು ಮಿತಿ ಮೀರುತ್ತದೆ. ಆಗ ಒಂದು ಕಾಲಿನ ಮೇಲೆ ಭಾರ ಬಿದ್ದಾಗಲೆಲ್ಲ, ಮೆಟ್ಟಿಲು ಹತ್ತಿದಾಗ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಎಲುಬಿನ ತುದಿಗಳು ಒಂದಕ್ಕೊಂದು ಸರಿದು ಹೆಂಗಸಿನ ಜೀವ ಹಿಂಡುತ್ತವೆ. ಡಾಬಿನ ಕೆಲಸ ಇಷ್ಟೇ: ಹೆಜ್ಜೆ ನೆಲ ಮುಟ್ಟುವ ತುಸು ಮುಂಚೆ ಸರಿಯಾದ ಜಾಗದಲ್ಲಿ ಬಿಗಿಯುವುದು, ಹೆಜ್ಜೆ ಎತ್ತಿದ ಮೇಲೆ ಸಡಿಲುವುದು.

ಎಲ್ಲ ನಿಂತಿದ್ದದ್ದು ಆ ಸರಿಯಾದ ಜಾಗದ ಮೇಲೆ. ನೋವು ಹಿಂದಿನ ಕೀಲಿನಲ್ಲಿದ್ದರೆ ಡಾಬು ಸೊಂಟದ ಎಲುಬಿನ ಅಂಚಿನ ಹತ್ತಿರ, ಮೇಲೆ ಬಿಗಿಯಬೇಕು. ಮುಂದಿನ ಕೀಲಿನಲ್ಲಿದ್ದರೆ ನಾಲ್ಕು ಬೆರಳು ಕೆಳಗೆ, ತೊಡೆಯ ಬುಡದ ಮಟ್ಟದಲ್ಲಿ. ಈ ವಿದ್ಯೆಯನ್ನು ಯಂತ್ರ ಮೊದಲು ಕಲಿತದ್ದು ಹೊರದೇಶದ ಆಸ್ಪತ್ರೆಗಳಲ್ಲಿ. ಅಲ್ಲಿ ಅದು ಗೆದ್ದಿತ್ತು. ನಮ್ಮ ಹೆಣ್ಣುಮಕ್ಕಳ ಮೈ ಬೇರೆ, ಬದುಕು ಬೇರೆ ಎಂದು ಇಲ್ಲಿಯ ಸಾವಿರಾರು ಬಸುರಿಯರ ಮಾಹಿತಿ ಕೊಟ್ಟು ಅದಕ್ಕೆ ಮತ್ತೆ ಪಾಠ ಹೇಳಿಸಿದವರು ಯೋಜನೆಯ ಮುಖ್ಯಸ್ಥರಾದ ಡಾಕ್ಟರ್ ಪ್ರಾಣೇಶ ದೇಸಾಯಿ. ಇಲ್ಲಿಯ ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರೂ ನೋವು ಸೊಂಟದಲ್ಲಿ, ಹಿಂದುಗಡೆ ಎಂದು ತೋರಿಸಿದ್ದರು. ನೆಲದ ಮೇಲೆ ಕೂತು ಎದ್ದು ಮಾಡುವ ಬದುಕೇ ಇದಕ್ಕೆ ಕಾರಣ ಎಂದು ದೇಸಾಯರು ಒಂದು ಉದ್ದನೆಯ ಲೇಖನ ಬರೆದಿದ್ದರು. ಅದು ಚೌಕಟ್ಟಿನಲ್ಲಿ ಅವರ ಕೋಣೆಯ ಗೋಡೆಯ ಮೇಲಿತ್ತು. ಆ ಲೇಖನ ನಂಬಿಯೇ ಶಿವಲೀಲಾ ಎಲ್ಲ ಡಾಬುಗಳೂ ಮೇಲೆ ಬಿಗಿಯುವಂತೆ ಲೆಕ್ಕ ತಿದ್ದಿದ್ದಳು.

"ಸೋಮವಾರ ಸಮಿತಿಯವರು ಬರ್ಲಿಕ್ಕತ್ತಾರ," ಎಂದರು ದೇಸಾಯರು, ಚಹದ ಕಪ್ಪು ಹಿಡಿದು ಅವಳ ಬೆನ್ನ ಹಿಂದೆ ನಿಂತು. "ಈ ಬೂದಿ ನೋಡಿದ್ರ ಯೋಜನಾ ಮುಚ್ಚಿಬಿಡ್ತಾರ."

"ಯಾಕ ತಗದಿಟ್ಟಾರ ಅಂತ ಕೇಳಿದ್ರ ಏನ ಹೇಳ್ತೀರಿ ಸರ್?"

"ಇದ್ದದ್ದ ಹೇಳ್ತೀನಿ. ನಮ್ಮ ಹೆಣ್ಣಮಕ್ಕಳಿಗೆ ಶಿಸ್ತಿಲ್ಲ. ಎರಡ ದಿನಾ ಹಾಕ್ಕೋತಾರ, ಮೂರನೇ ದಿನಾ ಸೆಕಿ ಅಂತಾರ. ಯಂತ್ರ ಛಲೋನ ಅದ."

"ನಾನೂ ಹಾಕ್ಕೊಂಡೀನ್ರಿ. ಹಾಕ್ಕೊಂಡ ಮ್ಯಾಲೆ ಜಾಸ್ತಿ ಆಗೈತಿ."

"ನಿಂದು ಸೆನ್ಸರ್ ಕೆಟ್ಟಿರಬೇಕು, ಬದಲಿ ಮಾಡಸು," ಎಂದು ಅವರು ಹೊರಟುಹೋದರು.

ಶಿವಲೀಲಾ ಸೆನ್ಸರನ್ನು ಎರಡು ಸಲ ಬದಲಿಸಿದ್ದಳು. ಅವಳ ನೋವು ಮುಂದಿತ್ತು, ಎರಡು ತೊಡೆ ಕೂಡುವಲ್ಲಿಯ ಎಲುಬಿನಲ್ಲಿ. ನಿಂತು ಲಂಗದೊಳಗೆ ಕಾಲು ಹಾಕಲು ಹೋದರೆ ಅಲ್ಲಿ ಗರಗಸ ಆಡಿಸಿದಂತಾಗುತ್ತಿತ್ತು. ಜಿಲ್ಲೆಯ ಎಲ್ಲರಿಗೂ ಹಿಂದೆ, ತನಗೊಬ್ಬಳಿಗೆ ಮುಂದೆ. ತಾನೊಂದು ಅಪವಾದ ಎಂದುಕೊಂಡು ಸುಮ್ಮನಿದ್ದಳು. ಅಪವಾದಕ್ಕಾಗಿ ಯಾರೂ ಲೆಕ್ಕ ತಿದ್ದುವುದಿಲ್ಲ ಎಂಬುದು ಅವಳ ವೃತ್ತಿಯ ಮೊದಲ ಪಾಠ.

*

ಗೋಕುಲ ರಸ್ತೆಯ ಅವರ ಕಟ್ಟಡದ ಲಿಫ್ಟು ಕೆಟ್ಟು ಬಹಳ ದಿನವಾಗಿತ್ತು. ಸಂಜೆ ಶಿವಲೀಲಾ ಕಟಕಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು: ಒಂದು ಕಾಲು ಮೇಲೆ, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು ಜೋಡಿಸುವುದು, ಉಸಿರು ಬಿಡುವುದು, ಮತ್ತೆ ಒಂದು ಕಾಲು. ತಿರುವಿನಲ್ಲಿ ನೋಡಿದರೆ ಮೇಲೆ ಇನ್ನೊಬ್ಬಳು ಅದೇ ರೀತಿ ಹತ್ತುತ್ತಿದ್ದಳು. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ. ಪಕ್ಕದ ಮನೆಯ ಫಕೀರವ್ವ, ಸಿಟಿ ಬಸ್ಸಿನ ಕಂಡಕ್ಟರು. ಎರಡನೆಯ ಬಸಿರು, ಆರು ತಿಂಗಳು.

"ಹತ್ತ, ಹತ್ತ, ಮುಂದ ಜಾಗಾ ಐತಿ," ಎಂದಳು ಫಕೀರವ್ವ ತಿರುಗಿ ನೋಡದೆ.

"ಅಕ್ಕಾ, ಡಾಬು ಎಲ್ಲೈತಿ?"

"ನಮ್ಮನ್ಯಾಗ ಮೊಳಿ ಬಸರಾಗೈತಿ. ಅದಕ್ಕ ಹಾಕೇನಿ."

ಇಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕರು. ನಗುವಾಗಲೂ ಇಬ್ಬರೂ ಮೊಣಕಾಲು ಜೋಡಿಸಿಯೇ ಕೂತಿದ್ದರು.

ನಗು ನಿಂತ ಮೇಲೆ ಫಕೀರವ್ವ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಡಿಪೋದಾಗ ರಜಾ ತಗೋ ಅಂತಾರ. ಈಗ ರಜಾ ತಿಂದ್ರ ಹಡದ ಮ್ಯಾಲೆ ಎಲ್ಲಿಂದ ತರ್ಲಿ? ಮೊದಲನೇದರಾಗ ಹಿಂಗ ಆತು. ಕೂಸಿನ ಕುತ್ತಿಗಿ ಇನ್ನೂ ನಿಂತಿದ್ದಿಲ್ಲ, ಡ್ಯೂಟಿಗೆ ಹೋದೆ. ಬಸ್ಸಿನ್ಯಾಗ ಎದಿ ಹಾಲು ಸೋರತಿತ್ತು, ಟಿಕೆಟ್ ಹರೀತಿದ್ದೆ. ಈ ಸಲ ಆಗೂದಿಲ್ಲ ಅಂದೇನಿ. ಹಡಿಯೂತನ ಬಸ್ ಹತ್ತಬೇಕು, ರಜಾ ಎಲ್ಲಾ ಕೂಸಿಗೆ. ಅದಕ್ಕ ನಿನ್ನ ಡಾಬು ನಂಬಿದ್ದೆ ತಂಗಿ. ಅದು ಮೊಳಿಗೂ ಭಾರ ಆಗೈತಿ."

ಶಿವಲೀಲಾ ಕಟಕಟೆ ಹಿಡಿದು ಎದ್ದಳು. ಸೋಮವಾರದ ಸುದ್ದಿಯನ್ನು ಅವಳಿಗೆ ಹೇಳಲಿಲ್ಲ.

ಮನೆಯಲ್ಲಿ ಅತ್ತೆ ಗಂಗವ್ವ ಭಾನುವಾರದ ಕುಬಸಕ್ಕೆಂದು, ಸೊಸೆಯ ಸೀಮಂತಕ್ಕೆಂದು, ಶೇಂಗಾ ಹುರಿಯುತ್ತಿದ್ದಳು. ಗಂಡ ಈರಣ್ಣ ಆಗಷ್ಟೇ ರೈಲ್ವೆ ವರ್ಕ್‌ಶಾಪಿನಿಂದ ಬಂದು ಬನಿಯನ್ನಿನಲ್ಲಿ ಕೂತಿದ್ದ. ನಡುಮನೆಯಲ್ಲಿ ಚಾಪೆಯ ಮೇಲೆ ಆಶಾ ಕಾರ್ಯಕರ್ತೆ ಶರಣವ್ವ ಟ್ಯಾಬ್ಲೆಟ್ ಹಿಡಿದು ಕಾಯುತ್ತಿದ್ದಳು. ಡಾಬು ಪಡೆದ ಎಲ್ಲರನ್ನೂ ತಿಂಗಳಿಗೊಮ್ಮೆ ಕೇಳಬೇಕೆಂಬುದು ನಿಯಮ. ಎಂಜಿನಿಯರಿಗೂ ಅದರಿಂದ ಬಿಡುಗಡೆಯಿರಲಿಲ್ಲ. ಹೋದ ಸಲ ಕೇಳಿದಾಗ ಅವಳಿಗೆ ನೋವೇ ಶುರುವಾಗಿರಲಿಲ್ಲ.

"ಎಲ್ಲಿ ನೂಸ್ತೈತಿ, ಅಲ್ಲಿ ಬಳ್ಳಿಂದ ಮುಟ್ಟವಾ," ಎಂದು ಶರಣವ್ವ ಟ್ಯಾಬ್ಲೆಟ್ ಮುಂದೆ ಚಾಚಿದಳು.

ತೆರೆಯ ಮೇಲೆ ಒಂದು ಹೆಂಗಸಿನ ಚಿತ್ರ. ಒಂದು ಬದಿ ಮುಂದಿನ ನೋಟ, ಇನ್ನೊಂದು ಬದಿ ಹಿಂದಿನದು. ಮರ್ಯಾದೆಗೆಂದು ಆ ಚಿತ್ರಕ್ಕೂ ಸೀರೆ ಉಡಿಸಿದ್ದರು. ಗಂಗವ್ವ ಶೇಂಗಾದ ಬುಟ್ಟಿಯೊಂದಿಗೆ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು. ಈರಣ್ಣನೂ ಕುತೂಹಲಕ್ಕೆ ಕತ್ತು ಚಾಚಿದ. ಕೆಳಗಿನ ಮನೆಯ ಮುದುಕ ಯಾವುದೋ ಪಾರ್ಸೆಲ್ ಕೊಡಲು ಬಂದವನು ಬಾಗಿಲಲ್ಲೇ ನಿಂತಿದ್ದ.

ಶಿವಲೀಲಾಳ ಬೆರಳು ಮುಂದಿನ ಚಿತ್ರದ ಕಡೆಗೆ ಹೊರಟಿತು. ನಡುವೆ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಅನಂತರ ಹಿಂದಿನ ಚಿತ್ರದ ಸೊಂಟವನ್ನು ಮುಟ್ಟಿತು.

"ಸೊಂಟ," ಎಂದಳು ಶರಣವ್ವ. "ಎಲ್ಲಾರಿಗೂ ಅಲ್ಲೇ."

"ಅಲ್ಲದ ಮತ್ತ," ಎಂದಳು ಗಂಗವ್ವ. "ಬಸರಂದ ಮ್ಯಾಲೆ ಸೊಂಟಾ ನೂಸೂದ."

ಟ್ಯಾಬ್ಲೆಟ್ ಧನ್ಯವಾದ ಹೇಳಿತು. ಸೀರೆಯ ಒಳಗೆ ಡಾಬು ಗುರ್ ಎಂದು ಇನ್ನೂ ತುಸು ಮೇಲೆ ಬಿಗಿಯಿತು. ಮುಂದಿನ ಎಲುಬಿನಲ್ಲಿ ಚುಳುಕ್ಕೆಂದಿತು. ಶಿವಲೀಲಾ ತನ್ನ ಬೆರಳನ್ನು, ಇನ್ನೊಬ್ಬರದೆಂಬಂತೆ ಎತ್ತಿ ನೋಡಿಕೊಂಡಳು. ಸುಳ್ಳು ಹೇಳಬೇಕೆಂದು ಅವಳು ಯೋಚಿಸಿರಲೇ ಇಲ್ಲ. ಬೆರಳೇ ಹೋಗಿ ಹೇಳಿ ಬಂದಿತ್ತು.

ಅವಳು ಎದ್ದು, ಕೊಟ್ಟ ಚಹ ಬಿಟ್ಟು, ಪಕ್ಕದ ಮನೆಯ ಬಾಗಿಲು ಬಡಿದಳು.

"ಅಕ್ಕಾ, ಒಂದ ಮಾತ ಖರೇ ಹೇಳ. ನಿನಗೆಲ್ಲಿ ನೂಸ್ತೈತಿ?"

ಫಕೀರವ್ವ ಒಳಗೆ ನೋಡಿದಳು. ಅವಳ ಮಾವ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ. ಹೊರಗೆ ಬಂದು ಬಾಗಿಲು ಎಳೆದುಕೊಂಡಳು. "ಮುಂದ, ಕೆಳಗ," ಎಂದಳು ಸಣ್ಣ ದನಿಯಲ್ಲಿ. ಬಸ್ಸಿನ ಕೊನೆಯ ಸೀಟಿನ ತನಕ ಕೇಳುವ ಗಂಟಲು ಅದು. ಈಗ ಬಾಗಿಲ ಸಂದಿಗೂ ಕೇಳಿಸದಷ್ಟು ಇಳಿದಿತ್ತು.

"ಶರಣವ್ವನ ಟ್ಯಾಬ್ಲೆಟ್‌ನ್ಯಾಗ ಎಲ್ಲಿ ಮುಟ್ಟಿದಿ?"

"ಸೊಂಟಕ್ಕ. ನಮ್ಮ ಮಾವ ಅಲ್ಲೇ ಕುಂತಿದ್ದ ಇದೇ ಪೇಪರ್ ಹಿಡಕೊಂಡು. ಮತ್ತೆಲ್ಲಿ ಮುಟ್ಟಲಿ?"

*

ಶನಿವಾರ ಕಚೇರಿಗೆ ರಜೆ. ದೇಸಾಯರು ಸಮಿತಿಗೆ ತೋರಿಸುವ ಚಿತ್ರಗಳನ್ನು ತಿದ್ದಲು ಬಂದಿದ್ದರು. ಶಿವಲೀಲಾ ಅವರಿಗಿಂತ ಮೊದಲೇ ಬಂದು ಡಾಬುಗಳು ದಾಖಲಿಸಿದ್ದ ನಡಿಗೆಗಳನ್ನು ಪರದೆಯ ಮೇಲೆ ಹರಡಿಕೊಂಡಿದ್ದಳು.

ಬೆರಳು ಸುಳ್ಳು ಹೇಳಬಹುದು. ಹೆಜ್ಜೆಗೆ ಅದು ಬರುವುದಿಲ್ಲ. ಹಿಂದಿನ ಒಂದು ಕೀಲು ನೋಯುವವಳು ಕುಂಟುತ್ತಾಳೆ: ಒಂದು ಹೆಜ್ಜೆ ಉದ್ದ, ಇನ್ನೊಂದು ಗಿಡ್ಡ. ಮುಂದಿನ ಕೀಲು ನೋಯುವವಳು ಎರಡೂ ಹೆಜ್ಜೆ ಗಿಡ್ಡ ಮಾಡುತ್ತಾಳೆ, ತೊಡೆ ಬಿಡಿಸುವುದಿಲ್ಲ, ನೆಲದಿಂದ ಏಳುವಾಗ ಎರಡು ಮೊಣಕಾಲನ್ನೂ ಒಟ್ಟಿಗೆ ಒಂದು ಬದಿಗೆ ಹೊರಳಿಸುತ್ತಾಳೆ. ಡಾಬು ತೆಗೆದಿಡುವ ಮೊದಲು ಅವರೆಲ್ಲ ಹೇಗೆ ನಡೆದಿದ್ದರೆಂಬುದು ಉಳಿದುಕೊಂಡಿತ್ತು. ಸೊಂಟ ಮುಟ್ಟಿ ತೋರಿಸಿದ್ದವರಲ್ಲಿ ಬಹಳಷ್ಟು ಜನ ಗಿಡ್ಡ ಹೆಜ್ಜೆಯವರೇ.

ದೇಸಾಯರು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದು ಊಹಾ ಆಯ್ತು. ಸಾವಿರಗಟ್ಟಲೆ ಹೆಣ್ಣಮಕ್ಕಳು ತಾವೇ ಮುಟ್ಟಿ ತೋರಿಸ್ಯಾರ. ಅವರೆಲ್ಲಾ ಸುಳ್ಳು ಹೇಳಿದ್ರೇನು?"

"ಹೌದ್ರಿ. ನಾನೂ ನಿನ್ನೆ ಸುಳ್ಳ ಹೇಳೀನಿ."

"ಯಾಕ?"

"ಅತ್ತಿ ನೋಡಾಕತ್ತಿದ್ರು. ಗಂಡ ನೋಡಾಕತ್ತಿದ್ದ. ಬಾಗಲದಾಗ ಪಾರ್ಸೆಲ್ ಹಿಡಕೊಂಡು ಮುದುಕ ನಿಂತಿದ್ದ."

"ಅಲ್ಲಾ, ಆದ್ರೂ…"

"ಸರ್, ನನಗ ನೂಸೂದು ಮುಂದಿನ ಎಲುಬು. ಎರಡ ತೊಡಿ ಕೂಡ್ತಾವಲ್ಲ, ಅಲ್ಲಿ. ಹೆಣ್ಣಿನ ಜಾಗದ ಮ್ಯಾಲೇ."

ದೇಸಾಯರು ತಲೆಯೆತ್ತಿ ಫ್ಯಾನನ್ನು ನೋಡಿದರು. ಫ್ಯಾನು ಎಂದಿನಂತೆ ತಿರುಗುತ್ತಿತ್ತು. ಶಿವಲೀಲಾ ಕಾದಳು. ಅವರ ಕಣ್ಣು ಕೆಳಗಿಳಿಯಲಿಲ್ಲ.

"ನೋಡ್ರಿ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಡಾಕ್ಟರ್. ಮೂವತ್ತ ವರ್ಷದಿಂದ ಹೆರಿಗಿ ನೋಡೀರಿ. ನೀವ ಫ್ಯಾನ್ ನೋಡಾಕತ್ತೀರಿ. ಕಲಘಟಗಿಯ ಯಾವುದೋ ಮನ್ಯಾಗ, ಮಾವನ ಮುಂದ, ಹತ್ತೊಂಬತ್ತರ ಹುಡುಗಿ ಆ ಚಿತ್ರದ ಮ್ಯಾಲೆ ಅಲ್ಲಿ ಬಳ್ಳ ಇಡ್ತಾಳಾ?"

ದೇಸಾಯರು ಕೆಟ್ಟ ಮನುಷ್ಯರಲ್ಲ. ಅವರಿಗೆ ಇದ್ದದ್ದು ಅಂಕಿಸಂಖ್ಯೆಯನ್ನು ನಂಬುವ ಚಟ. ಅದು ಒಳ್ಳೆಯ ಚಟವೇ, ಅಂಕಿ ಹುಟ್ಟಿದ ಮನೆಯನ್ನು ಒಮ್ಮೆ ಹೋಗಿ ನೋಡಿದ್ದರೆ. ಕೊನೆಗೆ ಅವರು ಕುರ್ಚಿ ಎಳೆದು ಕೂತರು.

"ಹಂಗಾದ್ರ ಹೆಂಗ ಕೇಳಬೇಕಂತೀ?"

"ಚಿತ್ರ ಬ್ಯಾಡ್ರಿ. ಶರಣವ್ವನೂ ಬ್ಯಾಡ. ಡಾಬಿಗೇ ಒತ್ತಿ ಹೇಳಲಿ. ಅದರಾಗ ಗಾಳಿ ಚೀಲ ಅದಾವು, ಎಲ್ಲಿ ಒತ್ತಿದ್ರು ಅಂತ ಅದಕ್ಕ ತಿಳೀತೈತಿ. ಮುಂದ ಕೆಳಗ ಒತ್ತಿದ್ರ ಡಾಬು ಝುಂ ಅಂತೈತಿ. ನಾಕ ಬಳ್ಳ ಕೆಳಗ ಇಳಿಸಿ ಕಟ್ಟಿಕೊಂಡ್ರ ಹೊರದೇಶದ ಹಳೇ ಲೆಕ್ಕದಾಂಗ ಕೆಲಸ ಮಾಡ್ತೈತಿ. ರಾತ್ರಿಯೊಳಗ ನಾ ಬರದ ಕೊಡ್ತೀನಿ."

"ಮೊಳಿಮ್ಯಾಲೆ ಇದ್ದದ್ದನ್ನ ಯಾರು ಇಳಸ್ತಾರ?"

"ಅದಕ್ಕೊಂದು ಗಂಟಲು ಐತಿ ನನ್ನ ಕಡೆ."

ದೇಸಾಯರು ಗೋಡೆಯ ಬೂದು ಹೊಲ ನೋಡಿದರು. "ಮಾಡು. ಆದ್ರ ಸೋಮವಾರ ಪರದೆ ಹಿಂಗೇ ಇದ್ರ, ಸಮಿತಿ ಬೇಕಾಗಿಲ್ಲ, ನಾನೇ ಮುಚ್ಚತೀನಿ."

*

ಭಾನುವಾರ ಮನೆ ತುಂಬ ಜನ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿಗಟ್ಟಲೆ ಹೋಳಿಗೆ ಕರಿಗಡಬು ಹೊತ್ತು ತಂದಿದ್ದರು. ನಡುಮನೆಯಲ್ಲಿ ರಂಗೋಲಿ ಹಾಕಿ ಮಣೆ ಇಟ್ಟಾಗಿತ್ತು. ಬಸುರಿ ಆ ಮಣೆಯ ಮೇಲೆ ಕಾಲು ಮಡಚಿ ಕೂರಬೇಕು. ಬಂದ ಮುತ್ತೈದೆಯರೆಲ್ಲ ಉಡಿ ತುಂಬಿ ಆರತಿ ಎತ್ತಿ ಮುಗಿಸುವವರೆಗೆ ಏಳುವಂತಿಲ್ಲ.

ಒಳಕೋಣೆಯಲ್ಲಿ ಗಂಗವ್ವ ಸೊಸೆಗೆ ಸೀರೆ ಉಡಿಸಲು ನಿಂತಿದ್ದಳು. ಶಿವಲೀಲಾ ಮಂಚದ ಅಂಚಿಗೆ ಕೂತು, ಎರಡೂ ಕಾಲನ್ನು ಒಟ್ಟಿಗೆ ಲಂಗದೊಳಗೆ ಹಾಕಿ, ಕೈಯೂರಿ ಎದ್ದಳು. ಗಂಗವ್ವನ ಕೈಯಲ್ಲಿದ್ದ ನಿರಿಗೆ ನಿಂತಿತು. ಅವಳು ಹೋಗಿ ಬಾಗಿಲ ಚಿಲಕ ಹಾಕಿ ಬಂದಳು.

"ಮುಂದಿನ ಎಲುವೇನ?"

ಶಿವಲೀಲಾ ತಲೆ ಆಡಿಸಿದಳು.

"ಸೊಂಟ ಅಂದಿ ಶರಣವ್ವನ ಮುಂದ."

"ನೀವು ನೋಡಾಕತ್ತಿದ್ರಿ ಅತ್ತಿ."

ಗಂಗವ್ವ ಮಂಚದ ಮೇಲೆ ಕೂತಳು. "ಮೂರನೇದ್ದಕ್ಕ ನನಗೂ ಹಿಂಗ ಆಗಿತ್ತ. ಹಾಸಿಗ್ಯಾಗ ಹೊಳ್ಳಾಕ ಬರ್ತಿದ್ದಿಲ್ಲ. ದನದ ಕೊಟ್ಟಿಗ್ಯಾಗ ಗ್ವಾದಲಿ ಹಿಡಕೊಂಡು ನಿಂತ ಅತ್ತೇನಿ."

"ಯಾರಿಗೆ ಹೇಳಿದ್ರಿ?"

"ಯಾರಿಗೆ ಹೇಳ್ಲಿ? ನಿಮ್ಮ ಮಾವಗಾ? ಸೊಂಟ ಅಂದೆ. ಅವರವ್ವ ಹರಳೆಣ್ಣಿ ತಂದು ಸೊಂಟಕ್ಕ ತಿಕ್ಕಿದ್ಲು. ಕೂಸು ಹೊರಗ ಬರೂತನ ಸೊಂಟಕ್ಕ ಎಣ್ಣಿ ತಿಕ್ಕಿಸಿಗೊಂಡೆ." ಅವಳು ಸುಮ್ಮನೆ ಹೇಳಿದಳು, ನಿನ್ನೆಯ ಅಡುಗೆಯ ವಿಷಯ ಹೇಳುವಂತೆ. "ಛಲೋ ಎಣ್ಣಿ. ತಿಕ್ಕೂ ಜಾಗಾ ತಪ್ಪಿತ್ತ."

ಶಿವಲೀಲಾ ಅತ್ತೆಯ ಮುಖ ನೋಡಿದಳು. ಡಾಬಿನ ಇಡೀ ಸೋಲನ್ನು ಇದಕ್ಕಿಂತ ಚಿಕ್ಕದಾಗಿ ಯಾವ ಸಮಿತಿಗೂ ಹೇಳಲಾಗದು ಅನ್ನಿಸಿತು. ಡಾಬಿಗೇ ಒತ್ತಿ ಹೇಳುವ ತನ್ನ ಉಪಾಯವನ್ನು ಹೇಳಿದಳು. ಗಂಗವ್ವ ಪೂರ್ತಿ ಕೇಳಿ, "ಬಚ್ಚಲಕ್ಕ ಹೋಗಂತ ಹೇಳು," ಎಂದಳು. "ಬಸರೆಂಗಸು ಒಬ್ಬಾಕಿನ ಚಿಲಕಾ ಹಾಕ್ಕೊಳ್ಳೂ ಖೋಲಿ ಮನ್ಯಾಗ ಅದೊಂದ."

ಆಮೇಲೆ ಹೊರಗೆ ಹೋಗಿ ಮಣೆಯನ್ನು ಕಾಲಿನಿಂದ ಬದಿಗೆ ಸರಿಸಿ, ಊಟದ ಮೇಜಿನ ಕುರ್ಚಿಯನ್ನು ರಂಗೋಲಿಯ ನಡುವೆ ಇಟ್ಟಳು. ತವರಿನ ಹಿರಿಯಳೊಬ್ಬಳು ಹುಬ್ಬು ಹಾರಿಸಿದಳು.

"ಎಂಜಿನಿಯರ್ ಬಸರು," ಎಂದಳು ಗಂಗವ್ವ. "ಕುರ್ಚಿಮ್ಯಾಲೇ ಕೂಡ್ತೈತಿ. ಆರತಿ ಎತ್ತೂದು ನಾಕ ಬಳ್ಳ ಮ್ಯಾಲೆ ಎತ್ರಿ, ಕೈ ನೋಯೂದಿಲ್ಲ."

ಆರತಿ ಮುಗಿದು ಜನ ಊಟಕ್ಕೆ ಕೂತಾಗ, ಅಡುಗೆಮನೆಯಲ್ಲಿ ಶಿವಲೀಲಾ ಫಕೀರವ್ವನ ಬಾಯಿಯ ಮುಂದೆ ಫೋನು ಹಿಡಿದಳು. ಗಂಗವ್ವ ಬಾಗಿಲಿಗೆ ಅಡ್ಡ ನಿಂತು ನೀರು ಕೇಳಿ ಬಂದ ಗಂಡಸರನ್ನು ಬಾಗಿಲಿಂದಲೇ ತಿರುಗಿಸಿ ಕಳಿಸುತ್ತಿದ್ದಳು.

"ಏನಂತ ಹೇಳ್ಲಿ? ಬರದ ಕೊಡು," ಎಂದಳು ಫಕೀರವ್ವ.

"ಬರದದ್ದು ಯಾರೂ ಕೇಳೂದಿಲ್ಲ. ಬಸ್ಸಿನ್ಯಾಗ ಹೇಳಿದಾಂಗ ಹೇಳ."

ಫಕೀರವ್ವ ಗಂಟಲು ಸರಿಮಾಡಿಕೊಂಡಳು.

"ಅಕ್ಕಂದ್ರ, ತಂಗೆಂದ್ರ, ನಾ ಫಕೀರವ್ವ, ಸಿಟಿ ಬಸ್ ಕಂಡಕ್ಟರ್. ನನಗೂ ಆರ ತಿಂಗಳು. ಮೊಳಿಮ್ಯಾಲಿನ ಡಾಬು ಇಳಸ್ರಿ. ತಗೊಂಡು ಬಚ್ಚಲಕ್ಕ ಹೋಗ್ರಿ, ಚಿಲಕಾ ಹಾಕ್ರಿ. ಡಾಬು ಕಟ್ಟಿಕೊಂಡು, ಎಲ್ಲಿ ನೂಸ್ತೈತಿ ಆ ಕಡೆ ಗಟ್ಟಿ ಒತ್ತಿ ಹಿಡೀರಿ. ಹಿಂದಾದ್ರ ಹಿಂದ, ಬಾಜೂಕಾದ್ರ ಬಾಜೂಕ, ಮುಂದ ಕೆಳಗಾದ್ರ ಮುಂದ ಕೆಳಗ. ನಾನೂ ಮುಂದ ಕೆಳಗ ಒತ್ತಾಕಿ. ಯಾರೂ ನೋಡೂದಿಲ್ಲ, ಯಾರೂ ಕೇಳೂದಿಲ್ಲ. ಡಾಬು ಝುಂ ಅಂದ್ರ ನಾಕ ಬಳ್ಳ ಇಳಿಸಿ ಕಟ್ಟಿಕೋರಿ. ಹೊರಗ ಅತ್ತಿ ಬಾಗಲಾ ಬಡದ್ರ ಜಳಕಾ ಮಾಡಾಕತ್ತೇನಿ ಅನ್ರಿ. ನಡೀರಿ ನಡೀರಿ, ನಿಂತ್ಕೋಬ್ಯಾಡ್ರಿ."

"ಅತ್ತಿ ಅಂತ ಯಾಕ ನನ್ನ ನಡುವ ತರ್ತಿ?" ಎಂದಳು ಬಾಗಿಲಿನಿಂದ ಗಂಗವ್ವ.

ಸಂದೇಶ ಹೋಯಿತು. ಡಾಬು ಪಡೆದ ಪ್ರತಿಯೊಬ್ಬಳ ಫೋನಿಗೂ. ಫಕೀರವ್ವ ಮೊದಲು ತನ್ನ ಮನೆಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡಳು. ಆಮೇಲೆ ಶಿವಲೀಲಾ ತನ್ನ ಮನೆಯದಕ್ಕೆ ಹೋದಳು. ಹಸಿರು ಸೀರೆಯ ಒಳಗೆ ಕೈ ಹಾಕಿ, ತಾನೇ ಬರೆದ ಲೆಕ್ಕಕ್ಕೆ ಮೊದಲ ಸಲ ಖರೇ ಉತ್ತರ ಒತ್ತಿದಳು. ಡಾಬು ಝುಂ ಎಂದಿತು. ನಾಲ್ಕು ಬೆರಳು ಇಳಿಸಿ ಕಟ್ಟಿದಳು. ಒಂದು ಹೆಜ್ಜೆ ಇಟ್ಟಳು. ಹೆಜ್ಜೆ ನೆಲ ಮುಟ್ಟುವ ಮುಂಚೆ, ಬೀಳುವ ಕೊಡವನ್ನು ಯಾರೋ ಕೆಳಗಿನಿಂದ ಹಿಡಿದಂತೆ, ಪಟ್ಟಿ ಎರಡೂ ಬದಿಯಿಂದ ಎಲುಬನ್ನು ಕೂಡಿಸಿ ಹಿಡಿಯಿತು.

ನೋವು ಇತ್ತು. ಆದರೆ ಗರಗಸ ಇರಲಿಲ್ಲ.

*

ಸೋಮವಾರ ಸಮಿತಿಯವರು ಬರುವ ಮೊದಲೇ ದೇಸಾಯರು ಪರದೆಯ ಮುಂದೆ ನಿಂತಿದ್ದರು. ಹೊಲ ಹಸಿರಾಗುತ್ತಿತ್ತು. ಒಮ್ಮೆಗೇ ಅಲ್ಲ. ಕುಂದಗೋಳದ ಕಡೆ ಒಂದು ಚುಕ್ಕೆ, ನವಲಗುಂದದಲ್ಲಿ ಎರಡು, ಅಣ್ಣಿಗೇರಿಯಲ್ಲಿ ಒಂದು ಗುಂಪು. ಬೆಳಗಿನ ಜಳಕದ ಹೊತ್ತು. ಜಿಲ್ಲೆಯ ಉದ್ದಗಲಕ್ಕೂ ಬಚ್ಚಲ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು, ಮೊಳೆಗಳು ಬರಿದಾಗುತ್ತಿದ್ದವು. ಪರದೆಯ ಮೂಲೆಯಲ್ಲಿ, ಎಲ್ಲಿ ಒತ್ತಿದರು ಎಂಬುದರ ಚಿತ್ರ ತುಂಬುತ್ತಿತ್ತು. ಹಿಂದೆ ಒತ್ತಿದವರೂ ಇದ್ದರು. ಆದರೆ ಮುಂದೆ ಕೆಳಗೆ ಒತ್ತಿದವರ ಗುರುತುಗಳು ಒಂದರ ಮೇಲೊಂದು ಬಿದ್ದು ಕಪ್ಪಾಗಿ ಹೆಪ್ಪುಗಟ್ಟಿದ್ದವು.

ಸಮಿತಿಯ ಮುಖ್ಯಸ್ಥೆ ಬೆಂಗಳೂರಿನ ಒಬ್ಬ ಹಿರಿಯ ವೈದ್ಯೆ. ಯೋಜನೆ ಮುಚ್ಚುವ ಆದೇಶಕ್ಕೆ ಸಹಿ ಹಾಕಿ ಹೋಗುವ ಮನಸ್ಸಿನಲ್ಲಿ ಬಂದಿದ್ದ ಆಕೆ ಆ ಕಪ್ಪು ಗುರುತನ್ನು ಬಹಳ ಹೊತ್ತು ನೋಡಿದರು.

"ಇಷ್ಟು ದಿನ ಇದು ನಿಮಗೆ ಯಾಕೆ ಗೊತ್ತಾಗಲಿಲ್ಲ, ಡಾಕ್ಟರ್?"

ದೇಸಾಯರು ಫ್ಯಾನಿನ ಕಡೆ ನೋಡಲಿಲ್ಲ. "ನಾವು ಮಂದಿಯ ಮುಂದೆ ಕೇಳಿದ್ವಿ, ಮೇಡಂ. ನೋವು ಇರೋದು ಮಂದಿಯ ಮುಂದೆ ತೋರಿಸೋ ಜಾಗದಲ್ಲಿ ಅಲ್ಲ. ಮುಂದಿನ ಕೀಲು. ಎರಡು ತೊಡೆ ಕೂಡುವಲ್ಲಿ." ಕಿವಿ ಕೆಂಪಾಗಿತ್ತು, ಆದರೆ ಪೂರ್ತಿ ಹೇಳಿದರು.

"ಹೆರಿಗೆಯವರೆಗೂ ಹಿಡಿದಿಡುತ್ತದೆಯೇ?" ಎಂದು ಆಕೆ ಶಿವಲೀಲಾಳನ್ನು ಕೇಳಿದರು.

"ಕೀಲು ಸಡಿಲ ಇದ್ದೇ ಇರುತ್ತೆ, ಮೇಡಂ. ಮಗ್ಗುಲು ಬದಲಿಸುವಾಗ ಮೊಣಕಾಲು ಜೋಡಿಸಿಕೊಳ್ಳಲೇಬೇಕು, ಕೂತೇ ಬಟ್ಟೆ ಹಾಕಿಕೊಳ್ಳಬೇಕು, ತೊಡೆ ನಡುವೆ ದಿಂಬು ಬೇಕು. ನೋವು ಹೋಗುತ್ತೆ ಅಂತ ನಾನು ಹೇಳಲ್ಲ. ಕೆಲಸ ಮಾಡಬಹುದು ಅಂತ ಹೇಳ್ತೀನಿ. ನಿನ್ನೆ ಸಂಜೆಯಿಂದ ನಾನೇ ಮಾಡ್ತಿದೀನಿ."

ಆಕೆ ಮುಚ್ಚುವ ಆದೇಶವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಯೋಜನೆ ನಡೆಯಲಿ, ಚಿತ್ರ ತೋರಿಸಿ ಕೇಳುವುದು ಇವತ್ತೇ ನಿಲ್ಲಲಿ, ಬೇರೆ ಜಿಲ್ಲೆಗಳಲ್ಲಿ ಡಾಬು ಪಡೆದವರನ್ನೂ ಬಚ್ಚಲಲ್ಲೇ ಕೇಳಿರಿ ಎಂದು ಹೇಳಿ ಹೊರಟರು.

ಶಿವಲೀಲಾ ಪರದೆಯ ಮೇಲೆ ಒಂದು ಚುಕ್ಕೆಯನ್ನು ಹುಡುಕಿ ದೊಡ್ಡದು ಮಾಡಿದಳು. ಅದು ಗೋಕುಲ ರಸ್ತೆಯಿಂದ ಹೊರಟು ಹೊಸೂರು ದಾಟಿ ಚೆನ್ನಮ್ಮ ವೃತ್ತದ ಕಡೆ ಹೋಗುತ್ತಿತ್ತು. ನಿಲ್ದಾಣ ಬಂದಲ್ಲೆಲ್ಲ ನಿಲ್ಲುತ್ತಿತ್ತು, ಕೆಳಗಿಳಿಯುತ್ತಿತ್ತು, ಮತ್ತೆ ಮೆಟ್ಟಿಲು ಹತ್ತುತ್ತಿತ್ತು. ಹತ್ತುವಾಗಲೆಲ್ಲ ಪಟ್ಟಿ ಹಿಡಿಯುತ್ತಿತ್ತು, ಬಿಡುತ್ತಿತ್ತು. ಹಸಿರು ಒಂದು ಸಲವೂ ಬೂದಾಗಲಿಲ್ಲ. ರಜೆಯ ಒಂದು ದಿನ ಕೂಸಿನ ಪಾಲಿಗೆ ಉಳಿಯಿತು.

ಹಿಂದಿನಿಂದ ದೇಸಾಯರು ಕೆಮ್ಮಿದರು. ಅವರ ಕೈಯಲ್ಲಿ ಚೌಕಟ್ಟು ಹಾಕಿಸಿದ ಆ ಲೇಖನ ಇತ್ತು, ಗೋಡೆಯಿಂದ ಇಳಿಸಿ ತಂದಿದ್ದರು.

"ಇದನ್ನೇನು ಮಾಡೋದವಾ ಈಗ?"

ಶಿವಲೀಲಾ ಮೊಣಕಾಲು ಜೋಡಿಸಿ, ಕುರ್ಚಿಯ ಕೈ ಹಿಡಿದು ಎದ್ದಳು. ಚಪ್ಪಲಿ ಮೆಟ್ಟಲು ಒಂದು ಕಾಲಿನ ಮೇಲೆ ನಿಂತಳು. ಡಾಬು ಹಿಡಿಯಿತು.

"ಮೊಳಿಗೇ ಹಾಕ್ರಿ ಸರ್," ಎಂದಳು. "ಈಗ ಜಿಲ್ಲಾದಾಗ ಬೇಕಾದಷ್ಟು ಮೊಳಿ ಖಾಲಿ ಅದಾವು."